ದೋಣಿಗೊಂದು ಫೋನು

"ಇನ್ನು ಮೇಲೆ ನಿನ್ನನ್ನ ದಕ್ಕೆ ಮೇಲೆ ಕಾಯಿಸಲ್ಲ ಅಮ್ಮ" ಎಂದು ದೋಣಿಯವ ತಾಯಿಗೆ ಮಾತು ಕೊಟ್ಟಾಗ ಅವನಿಗೆ ಹತ್ತೊಂಬತ್ತು ವರ್ಷ. ಹಿಂದಿನ ಸಂಜೆ ಕೆರೆಯ ಆಚೆ ದಡಕ್ಕೆ ಹೋಗಿದ್ದ ಅಪ್ಪ ಮರಳಿರಲಿಲ್ಲ. ಬೆಳಿಗ್ಗೆ ದೋಣಿ ಮಾತ್ರ ಬಂತು, ಅದೂ ಬೇರೆಯವರು ಹಗ್ಗ ಕಟ್ಟಿ ಎಳೆದು ತಂದದ್ದು. ಅದರಲ್ಲಿ ಒಂದು ಜೊತೆ ಚಪ್ಪಲಿ ಇತ್ತು, ಅಪ್ಪನ ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತಿರುಗಿಸಿ ತೆಗೆದರೆ ಒಳಗಿನ ಬೆಂಕಿಪೊಟ್ಟಣ, ಲೈಸೆನ್ಸಿನ ಕಾಗದ ಎಲ್ಲವೂ ಒಂದಿಷ್ಟೂ ನೆನೆಯದೆ ಇದ್ದವು. ತಾಯಿ ಇಡೀ ರಾತ್ರಿ ದೋಣಿ ಕಟ್ಟುವ ದಕ್ಕೆಯ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಎಬ್ಬಿಸಿದರೆ ಕಾಲು ಮಡಚಿದ್ದು ಮಡಚಿದ ಹಾಗೇ ಇತ್ತು. ಮಗ ಎತ್ತಿಕೊಂಡು ಮನೆಗೆ ತಂದ. ದಾರಿಯಲ್ಲಿ ಹೇಳಿದ ಮಾತು ಅದು.

ಇಪ್ಪತ್ತಾರು ವರ್ಷ ಆ ಮಾತು ನಡೆಯಿತು. ದೀಪ ಹಚ್ಚುವ ಹೊತ್ತಿಗೆ ದೋಣಿ ಗೂಟಕ್ಕೆ ಕಟ್ಟಿರುತ್ತಿತ್ತು. ಸಾಮಾನು ತುಂಬಿಸಿಕೊಂಡವರು ಗೋಗರೆದರೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪನ ಡಬ್ಬಿ ಅವನ ದೋಣಿಗೆ ಬಂದಿತ್ತು. ನೆನೆಯಬಾರದ್ದು ಏನಿದ್ದರೂ ಅದರೊಳಗೆ.

ಆಮೇಲೆ ಆಚೆ ದಡದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಶುರುವಾಯಿತು. ಈಚೆ ದಡದ ಹದಿನಾಲ್ಕು ಹೆಂಗಸರು ಅಲ್ಲಿ ಕೆಲಸಕ್ಕೆ ಸೇರಿದರು. ಅವರನ್ನು ಬೆಳಿಗ್ಗೆ ಬಿಟ್ಟು ಸಂಜೆ ಏಳಕ್ಕೆ ಕರೆತರುವ ಕೆಲಸ ದೋಣಿಯವನಿಗೆ ಬಂತು. ತಿಂಗಳು ತಿಂಗಳು ಕೈಗೆ ಬರುವ ಸಂಬಳ. ಬೇಡ ಅನ್ನುವ ಸ್ಥಿತಿಯಲ್ಲಿ ಮನೆ ಇರಲಿಲ್ಲ. ಏಳಕ್ಕೆ ಹೊರಟರೆ ಈಚೆ ದಡ ಸೇರುವಾಗ ಎಂಟು ಹತ್ತಿರ. ಮುದುಕಿ ಆರೂವರೆಗೇ ಶಾಲು ಹೊದ್ದು, ಟಾರ್ಚು ಹಿಡಿದು, ಮೂರನೆಯ ಮೆಟ್ಟಿಲಿಗೆ ಹೋಗಿ ಕೂರತೊಡಗಿದಳು.

ಇದನ್ನೆಲ್ಲ ತಲೆಗೆ ಹಚ್ಚಿಕೊಂಡವಳು ಸೊಸೆ. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ ಅವಳದು. ಡಾಕ್ಟರಿಂದ ಹಿಡಿದು ರೋಗಿಗಳವರೆಗೆ ಎಲ್ಲರಿಗೂ ಇಸ್ತ್ರಿಯಮ್ಮ. ಚಳಿಗಾಲದಲ್ಲಿ ಅತ್ತೆಗೆ ಎದೆ ಕಟ್ಟಿ ಒಂಬತ್ತು ದಿನ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರಮ್ಮ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತಿದ್ದರು.

"ನೋಡು ಇಸ್ತ್ರಿಯಮ್ಮ, ಈ ಸಲ ಉಳ್ಕೊಂಡ್ರು. ಇನ್ನೊಂದು ಸಲ ಆ ನೀರಿನ ಗಾಳಿಗೆ ಕೂತ್ರೆ ನನ್ನ ಕೈಲಿ ಆಗಲ್ಲ."

ಅತ್ತೆಯನ್ನು ಮನೆಗೆ ಕರೆತಂದ ದಿನ ಊಟಕ್ಕೆ ಅನ್ನ, ಬೇಳೆ, ಹುರಿದ ಮೊಟ್ಟೆ. ಇಸ್ತ್ರಿಯಮ್ಮ ಗಂಡನ ತಟ್ಟೆಗೆ ಅನ್ನ ಬಡಿಸುತ್ತಾ ವಿಷಯ ತೆಗೆದಳು.

"ಏನ್ರೀ, ನಿಮಗೊಂದು ಫೋನ್ ತಗೋಬೇಕು."

"ಇದೆಯಲ್ಲ."

"ಅದು ಒದ್ದೆ ಕೈಯಲ್ಲಿ ಮುಟ್ಟಿದ್ರೆ ಸತ್ತು ಬೀಳತ್ತೆ. ದೋಣಿಗೆ ಒಯ್ಯೋದೇ ಇಲ್ಲ ನೀವು. ನೀರಿಗೆ ತಡ್ಕೊಳ್ಳೋ ಅಂಥದ್ದು ತಗೋಳ್ಳೋಣ. ಆಚೆ ದಡ ಬಿಟ್ಟಾಗ ಒಂದು ಫೋನ್, ಹಕ್ಕಿದಿಬ್ಬ ದಾಟಿದಾಗ ಒಂದು ಫೋನ್. ಅತ್ತೆ ಮನೇಲೇ ಕೂತ್ಕೋತಾರೆ."

"ನಾನೇನೂ ಕಾಯೋಕೆ ಹೋಗಲ್ಲಪ್ಪ" ಎಂದಳು ಅತ್ತೆ, ಮೊಟ್ಟೆಯನ್ನು ಬೆರಳಲ್ಲಿ ಮುರಿಯುತ್ತಾ. "ಗಾಳಿ ತಗೋಳ್ಳೋಕೆ ಹೋಗ್ತೀನಿ."

"ಟಾರ್ಚ್ ಹಿಡ್ಕೊಂಡು ಗಾಳಿ ತಗೋತಾರಾ ಅಜ್ಜಿ?" ಎಂದಳು ಮೊಮ್ಮಗಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಸಂಜೆ ಕಂಪ್ಯೂಟರ್ ಪಾಠಕ್ಕೆ ಹೋಗುವ ಹುಡುಗಿ ಅವಳು. ಮನೆಯಲ್ಲಿ ಫೋನಿನ ವಿಷಯ ತಿಳಿದವಳು ತಾನೊಬ್ಬಳೇ ಎಂದು ನಂಬಿದ್ದಳು.

"ಗಾಳಿ ಎಲ್ಲಿದೆ ಅಂತ ಕಾಣಬೇಡ್ವೇನೇ?"

ದೋಣಿಯವ ನಗಲಿಲ್ಲ. "ಮಾಡಿಗೆ ತಗಡು ಹಾಕ್ಸೋಕೆ ಇಟ್ಟ ದುಡ್ಡು ಬಿಟ್ರೆ ಬೇರೆ ಏನೂ ಇಲ್ಲ" ಎಂದ.

"ಮಾಡು ಸೋರಿದ್ರೆ ಪಾತ್ರೆ ಇಡ್ತೀನಿ. ಅತ್ತೆಗೆ ಏನಾದ್ರೂ ಆದ್ರೆ ಏನಿಡ್ಲಿ?"

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅದೇ ಒಪ್ಪಿಗೆ.

*

ಫೋನಿನ ಅಂಗಡಿಯವನು ತೆಳ್ಳಗಿನ ಫೋನುಗಳನ್ನೇ ಮೊದಲು ಮೇಜಿನ ಮೇಲೆ ಹರಡಿದ. ಮಗಳ ಕಣ್ಣು ಒಂದರ ಮೇಲೆ ಅಂಟಿಕೊಂಡಿತು.

"ಇದು ಚೆನ್ನಾಗಿದೆ ಅಪ್ಪ. ಸ್ಕ್ರೀನ್ ನೋಡು ಎಷ್ಟು ದೊಡ್ಡದು."

"ದೋಣೀಲಿ ಸಿನಿಮಾ ತೋರಿಸ್ಬೇಕಾ ನಾನು?"

ಇಸ್ತ್ರಿಯಮ್ಮ ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದಳು. "ನೀರಿಗೆ ಬಿದ್ರೂ ನಡೀಬೇಕು. ಬ್ಯಾಟರಿ ಎರಡು ದಿನ ಬರ್ಬೇಕು. ಬಿಸಿಲಲ್ಲಿ ಅಕ್ಷರ ಕಾಣ್ಬೇಕು. ಒದ್ದೆ ಬೆರಳಿಗೆ ಎದ್ದೇಳ್ಬೇಕು."

ಅಂಗಡಿಯವನು ಹುಬ್ಬೇರಿಸಿ, ಒಳಗಿನಿಂದ ರಬ್ಬರಿನ ಅಂಚಿನ ದಪ್ಪ ಫೋನೊಂದನ್ನು ತಂದ. ಇಟ್ಟಿಗೆಯ ಚೂರಿನ ಹಾಗಿತ್ತು. ಗಾಜಿನ ಲೋಟದಲ್ಲಿ ನೀರು ತುಂಬಿಸಿ, ಅಂಗಡಿಯದೇ ಒಂದು ಸಿಮ್ಮು ಹಾಕಿದ ಫೋನನ್ನು ಅದರೊಳಗೆ ಇಳಿಸಿ, ತನ್ನ ಫೋನಿನಿಂದ ಕರೆ ಮಾಡಿದ. ಲೋಟವೇ ಗುಂಯ್ ಎಂದು ನಡುಗಿತು.

"ಅರ್ಧ ಗಂಟೆ ನೀರಲ್ಲಿದ್ರೂ ಏನೂ ಆಗಲ್ಲ ಯಜಮಾನ್ರೇ."

"ಅರ್ಧ ಗಂಟೆ ನೀರಲ್ಲಿದ್ರೆ ನನಗೇ ಏನಾದ್ರೂ ಆಗತ್ತೆ" ಎಂದ ದೋಣಿಯವ. ಹುಟ್ಟು ಹಿಡಿದೂ ಹಿಡಿದೂ ಬಿರುಕು ಬಿಟ್ಟ ಹೆಬ್ಬೆರಳನ್ನು ಒದ್ದೆ ಪರದೆಯ ಮೇಲೆ ಒತ್ತಿದ. ಮೊದಲ ಸಲ ಅದು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಗಡಿಯವನು ಏನೋ ಬದಲಾಯಿಸಿ ಕೊಟ್ಟ ಮೇಲೆ ತೆರೆದುಕೊಂಡಿತು.

"ಇದಕ್ಕೆ ಒಂದೇ ಸಿಮ್ಮಿನ ಜಾಗ" ಎಂದ ಅಂಗಡಿಯವನು. "ಎರಡು ಸಿಮ್ಮಿಂದು ಬೇಕಂದ್ರೆ ರೇಟು ಇನ್ನೂ ಮೇಲೆ."

"ಒಂದು ಸಾಕು" ಎಂದ ದೋಣಿಯವ. ಹೇಳಿದ ಬೆಲೆಗೇ ಅವನ ಮುಖ ಬಾಡಿತ್ತು.

"ಯಾವ ಕಂಪನಿ ಹಾಕ್ಲಿ? ಕೆಂಪಾ, ಹಸಿರಾ?"

ಊರಲ್ಲಿ ಇದ್ದದ್ದು ಎರಡೇ ಕಂಪನಿ. ಬೋರ್ಡಿನ ಬಣ್ಣದಿಂದಲೇ ಜನ ಗುರುತಿಸುತ್ತಿದ್ದರು. ಮಗಳು ತಡಮಾಡಲಿಲ್ಲ. "ಹಸಿರು. ನಮ್ಮನೇಲಿ ಹಸಿರು ಫುಲ್ ಬರತ್ತೆ. ಅಪ್ಪ ಮನೇಲಿದ್ದಾಗ ಆ ಡೇಟಾದಲ್ಲಿ ನಾನು ಪಾಠ ನೋಡ್ಬಹುದು."

"ಫೋನ್ ಮನೆಗಲ್ಲ ಕಣೇ, ನೀರಿಗೆ" ಎಂದಳು ಇಸ್ತ್ರಿಯಮ್ಮ. "ಭಾನುವಾರ ನೋಡಿ ಹೇಳ್ತೀವಿ."

*

ಭಾನುವಾರ ಅವಳು ಕೆಂಪು ಕಂಪನಿಯ ಫೋನನ್ನು ಆಸ್ಪತ್ರೆಯ ಆಯಾಳಿಂದ ಕಡ ತಂದಳು. ಹಸಿರು ಮಗಳದ್ದೇ ಇತ್ತು. ಬುತ್ತಿಗೆ ಬ್ರೆಡ್ಡು, ಈರುಳ್ಳಿ, ಫ್ಲಾಸ್ಕಿನಲ್ಲಿ ಚಹಾ. ಎರಡೂ ಫೋನನ್ನು ಎರಡು ಕೈಯಲ್ಲಿ ತಕ್ಕಡಿಯ ಹಾಗೆ ಹಿಡಿದು ದೋಣಿಯ ಮುಂತುದಿಯಲ್ಲಿ ಕೂತಳು. ಗಂಡ ಇಂಜಿನ್ ಹಚ್ಚಿದ.

"ದಕ್ಕೆ. ಹಸಿರಿಗೆ ಸಿಗ್ನಲ್ ನಾಲ್ಕು ಕಡ್ಡಿ, ಕೆಂಪಿಗೆ ಎರಡು. ಬರ್ಕೋ."

ಮಗಳು ಮುಖ ಊದಿಸಿಕೊಂಡೇ ಬರೆದುಕೊಂಡಳು. ಮುಳುಗಿದ ಮರಗಳ ಬೊಡ್ಡೆಗಳ ಹತ್ತಿರ ಎರಡಕ್ಕೂ ಮೂರು. ಅಲ್ಲಿಂದ ಮುಂದೆ ಹಸಿರು ಒಂದೊಂದೇ ಕಡ್ಡಿ ಕಳಚುತ್ತಾ ಹೋಯಿತು. ನಡುಗೆರೆಯಲ್ಲಿ ಅದಕ್ಕೆ ಏನೂ ಇರಲಿಲ್ಲ. ಹಕ್ಕಿದಿಬ್ಬ ಅನ್ನುವ ನಡುಗಡ್ಡೆಯ ಹಿಂದೆ, ಗಾಳಿ ಎದ್ದಾಗ ದೋಣಿಗಳು ಮರೆ ನಿಲ್ಲುವ ಜಾಗದಲ್ಲಿ, ಕೆಂಪಿಗೆ ಒಂದೇ ಒಂದು ಕಡ್ಡಿ ಉಳಿಯಿತು. ಇಸ್ತ್ರಿಯಮ್ಮ ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು.

"ಅತ್ತೆ, ಕೇಳಿಸ್ತಾ ಇದೆಯಾ?"

"ಕೂಗಬೇಡ್ವೇ, ನಾನು ಕಿವುಡಿ ಅಲ್ಲ. ಹಾಲು ಉಕ್ತಾ ಇದೆ, ಇಡು."

ಆಚೆ ದಡದಲ್ಲಿ ಎರಡೂ ಬಂದವು. ಮರಳಿ ಬರುವಾಗ ಮಗಳು ಕಾಗದ ಮಡಚಿ ಅಮ್ಮನ ಕೈಗಿಟ್ಟಳು. ತನ್ನ ಮಾತು ಸೋತಿದ್ದನ್ನು ಒಪ್ಪಿಕೊಳ್ಳುವ ಬಗೆ ಅದು. ಇಸ್ತ್ರಿಯಮ್ಮ ಆ ಕಾಗದವನ್ನು ಅಡುಗೆಮನೆಯ ಗೋಡೆಗೆ, ಹಿಟ್ಟಿನ ಡಬ್ಬದ ಮೇಲೆ ಅಂಟಿಸಿದಳು. ಫೋನಿಗೆ ಕೆಂಪು ಸಿಮ್ಮು ಬಿತ್ತು.

ಹದಿನೈದು ದಿನ ಮನೆ ಹಗುರಾಗಿತ್ತು. ಏಳು ಹೊಡೆಯುತ್ತಿದ್ದಂತೆ ಮನೆಯ ಬಟನ್ ಫೋನು ಕಿರುಚುತ್ತಿತ್ತು.

"ಅಮ್ಮ, ಬಿಟ್ಟೆ."

"ಯಾರನ್ನ ಬಿಟ್ಯೋ?"

"ದಡ ಬಿಟ್ಟೆ ಅಮ್ಮ!"

ಎರಡನೆಯ ಬಟನ್ ಒತ್ತಿ ಹಿಡಿದರೆ ಮಗನಿಗೆ ಫೋನ್ ಹೋಗುತ್ತದೆಂದು ಮೊಮ್ಮಗಳು ಅಜ್ಜಿಗೆ ಕಲಿಸಿದ್ದಳು. ಮುದುಕಿ ಏಳೂಕಾಲಿಗೊಮ್ಮೆ, ಏಳೂವರೆಗೊಮ್ಮೆ ತಾನೇ ಒತ್ತುತ್ತಿದ್ದಳು, ಹಾಗಾಗಿ ದಿಬ್ಬ ದಾಟಿದಾಗಿನ ಫೋನನ್ನು ಮಗ ಮಾಡುವುದನ್ನೇ ಬಿಟ್ಟ. "ಎಲ್ಲಿದ್ದೀಯ?" "ಬೊಡ್ಡೆ ಹತ್ರ." "ಸರಿ." ಅಷ್ಟೇ. ಶಾಲು ಮೊಳೆಯಲ್ಲೇ ನೇತಾಡುತ್ತಿತ್ತು. ದೋಣಿಯ ಹೆಂಗಸರೂ ಅವಳ ಫೋನಿಗೆ ಒಗ್ಗಿಹೋಗಿ, "ಅಜ್ಜೀ, ನಿಮ್ಮ ಮಗನನ್ನ ನಾವೇನೂ ಕದ್ದಿಲ್ಲ" ಎಂದು ಒಟ್ಟಿಗೆ ಕೂಗುತ್ತಿದ್ದರು.

ಆ ನಡುವೆ ಒಂದು ದಿನ ಹೆಂಗಸೊಬ್ಬಳ ಚೀಲ ತಾಗಿ ಫೋನು ದೋಣಿಯ ತಳದಲ್ಲಿ ನಿಂತ ನೀರಿಗೆ ಬಿತ್ತು. ಏನೂ ಆಗಲಿಲ್ಲ. ಆದರೂ ದೋಣಿಯವ ಮನೆಗೆ ಬಂದವನೇ ಅದನ್ನು ಟವೆಲಿನಲ್ಲಿ ಮಗುವನ್ನು ಒರೆಸಿದ ಹಾಗೆ ಒರೆಸಿದ. "ಎದೆ ಝಲ್ಲಂದುಬಿಡ್ತು. ಇನ್ನು ಹುಷಾರಾಗಿಡ್ತೀನಿ" ಎಂದ. ಯಾರೂ ಆ ಮಾತಿಗೆ ಕಿವಿ ಕೊಡಲಿಲ್ಲ.

*

ಮರುದಿನದಿಂದಲೇ ಫೋನು ಕೈಕೊಡತೊಡಗಿತು. "ಬಿಟ್ಟೆ" ಅನ್ನುವ ಕರೆ ಸರಿಯಾಗಿ ಬರುತ್ತಿತ್ತು. ಆಮೇಲೆ ಮುದುಕಿ ಎಷ್ಟು ಸಲ ಒತ್ತಿದರೂ ಒಂದೇ ಉತ್ತರ: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.

"ಹೊರಗಿದ್ದಾನೆ ಅಂತಾಳೆ ಆ ಹೆಂಗಸು" ಎಂದಳು ಅತ್ತೆ. "ಹೊರಗಿದ್ದಾನೆ ಅಂತ ನನಗೂ ಗೊತ್ತು. ಎಲ್ಲಿದ್ದಾನೆ ಅಂತ ಹೇಳೋಕೆ ಇವಳಿಗೇನು ಧಾಡಿ?"

ಮೂರನೆಯ ದಿನ ಶಾಲು ಮೊಳೆಯಿಂದ ಇಳಿಯಿತು. ಇಸ್ತ್ರಿಯಮ್ಮ ಕೆಲಸ ಮುಗಿಸಿ ಬರುವಾಗ ಮೂರನೆಯ ಮೆಟ್ಟಿಲ ಮೇಲೆ ಟಾರ್ಚಿನ ಬೆಳಕು ಕಂಡಿತು. ಅತ್ತೆಯ ಕೈ ಹಿಡಿದು ಎಬ್ಬಿಸಿದರೆ ಬೆರಳು ಮಂಜಿನ ಹಾಗಿದ್ದವು.

ಆ ರಾತ್ರಿಯ ಊಟಕ್ಕೆ ಜಗಳವೇ ನಂಜಿಕೆ.

"ನಾನು ಮಾಡಿದಾಗೆಲ್ಲ ಹೋಗತ್ತೆ" ಎಂದ ದೋಣಿಯವ. "ನೀವು ಮಾಡಿದ್ರೆ ಹೋಗಲ್ಲ ಅಂದ್ರೆ ನಾನೇನು ಮಾಡ್ಲಿ?"

"ಬಂದ್ ಮಾಡಿ ಇಡ್ತೀರಾ?"

"ಯಾಕೆ ಬಂದ್ ಮಾಡ್ಲಿ? ಚಾರ್ಜ್ ನೋಡು, ಮುಕ್ಕಾಲು ಹಾಗೇ ಇದೆ."

"ಹಾಗಾದ್ರೆ ಕಂಪನೀದೇ ತಪ್ಪು" ಎಂದಳು ಮಗಳು. "ನಾನು ಅವತ್ತೇ ಹಸಿರು ಅಂದೆ. ಯಾರು ಕೇಳಿದ್ರು?"

"ಭಾನುವಾರ ಇಡೀ ಕೆರೆ ಸುತ್ತಿ ನೋಡಿದ್ವಲ್ಲೇ!"

"ಒಂದು ದಿನ ನೋಡಿದ್ದು ಅಮ್ಮ. ಬಿಸಿಲಿತ್ತು, ಗಾಳಿ ಇರ್ಲಿಲ್ಲ. ಬೇರೆಯವರ ಫೋನ್ ಬೇರೆ. ಅದೇನು ಪರೀಕ್ಷೆನಾ?"

ಇಸ್ತ್ರಿಯಮ್ಮ ಗಂಡನ ಕಡೆ ನೋಡಿದಳು. ಒಂದು ಮಾತು ತನ್ನ ಪರವಾಗಿ ಬರಲಿ ಎಂದು. ಅವನು ಮೀನಿನ ಮುಳ್ಳು ಬಿಡಿಸುತ್ತಾ, "ಇವಳ ಪರೀಕ್ಷೆ ಎಲ್ಲ ಅಷ್ಟೇ. ಇಸ್ತ್ರಿ ಮಾಡಿದ ಹಾಗೆ, ಬರೀ ಮೇಲೆ ಮೇಲೆ" ಎಂದ. ನಗಿಸಲು ಹೇಳಿದ್ದು. ಮಗಳು ನಕ್ಕೂ ಬಿಟ್ಟಳು.

ಇಸ್ತ್ರಿಯಮ್ಮ ಎದ್ದು ಗೋಡೆಯ ಕಾಗದ ಕಿತ್ತಳು. ಹರಿಯಲಿಲ್ಲ, ಮಸಾಲೆ ಡಬ್ಬಗಳ ಅಡಿಗೆ ಹಾಸಿದಳು. "ನಾಳೆನೇ ಹಸಿರು ಮಾಡ್ಸು. ನನ್ನನ್ನ ಇನ್ನು ಏನೂ ಕೇಳ್ಬೇಡಿ" ಎಂದು ಪಾತ್ರೆ ತಿಕ್ಕಲು ಕೂತಳು. ಅವಳ ಕೈಯಲ್ಲಿ ಪಾತ್ರೆಗಳು ಅವತ್ತು ಬಹಳ ಸದ್ದು ಮಾಡಿದವು.

ನಂಬರು ಅದೇ ಉಳಿಸಿ ಕಂಪನಿ ಬದಲಾಗಲು ಒಂದು ವಾರ ಹಿಡಿಯಿತು. ಮಗಳು ಖುಷಿಯಿಂದ ಪಾಠ ನೋಡಿದಳು. ಮುದುಕಿಯ ಕರೆ ಮಾತ್ರ ಆಗಲೂ ಹೋಗಲಿಲ್ಲ. "ಹೊಸ ಸಿಮ್ಮು, ಸರಿ ಹೋಗೋಕೆ ನಾಲ್ಕು ದಿನ ಬೇಕು" ಎಂದಳು ಮಗಳು. ನಾಲ್ಕು ದಿನ ಆಗುವ ಮೊದಲೇ ಗಾಳಿ ಬಂತು.

*

ಆ ಸಂಜೆ ಆಸ್ಪತ್ರೆಯಲ್ಲಿ ಎರಡು ಹೆರಿಗೆ. ಬಟ್ಟೆಯ ರಾಶಿ ಮುಗಿಯುವಾಗ ಎಂಟು ದಾಟಿತ್ತು. ಇಸ್ತ್ರಿಯಮ್ಮ ಹೊರಗೆ ಬಂದರೆ ಬೀದಿಯ ಬೋರ್ಡುಗಳು ಬಡಿದುಕೊಳ್ಳುತ್ತಿದ್ದವು, ಯಾರದೋ ಮನೆಯ ತಗಡು ಎದ್ದು ಬೀಳುತ್ತಿತ್ತು. ಮನೆಯ ಬಾಗಿಲು ಹಾರು ಹೊಡೆದಿತ್ತು. ಮಗಳು ಪಾಠದಿಂದ ಬಂದಿರಲಿಲ್ಲ. ಅನ್ನದ ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಬಟನ್ ಫೋನು. ಮೊಳೆಯಲ್ಲಿ ಶಾಲು ಇರಲಿಲ್ಲ.

ಫೋನು ಎತ್ತಿ ನೋಡಿದಳು. ಏಳು ಗಂಟೆ ಐದು ನಿಮಿಷಕ್ಕೆ ಗಂಡನಿಂದ ಒಂದು ಕರೆ. ಆಮೇಲೆ ಅತ್ತೆ ಅವನಿಗೆ ಮಾಡಿದ ಕರೆಗಳು ಇಪ್ಪತ್ತೆರಡು.

ಅವಳು ಓಡಿದಳು. ಟಾರ್ಚು ದಕ್ಕೆಯ ಬುಡದಲ್ಲಿ ಬಿದ್ದು ನೀರಿನ ಕಡೆ ಉರಿಯುತ್ತಿತ್ತು. ಮೇಲಿನ ಮೆಟ್ಟಿಲುಗಳಿಗೆಲ್ಲ ಅಲೆ ಎರಚಿ ಪಾಚಿ ಮಿನುಗುತ್ತಿತ್ತು. ಮೂರನೆಯ ಮೆಟ್ಟಿಲ ಮೇಲೆ ಅತ್ತೆ ಕೂತಿರಲಿಲ್ಲ, ಬಿದ್ದಿದ್ದಳು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು.

"ಅತ್ತೆ! ಅತ್ತೆ!"

"ಕೂಗಬೇಡ್ವೇ. ಇಂಜಿನ್ ಸದ್ದು ಕೇಳಲ್ಲ."

ಎತ್ತಲು ಹೋದರೆ ಮುದುಕಿ ಹಲ್ಲು ಕಚ್ಚಿದಳು. ಇಸ್ತ್ರಿಯಮ್ಮ ತನ್ನ ಸೆರಗು, ಶಾಲು ಎರಡನ್ನೂ ಹೊದಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೆರವಿಗೆ ಬನ್ನಿ ಎಂದು ಬೀದಿಗೆ ಕೇಳುವಂತೆ ಕಿರುಚಿದಳು. ಗಾಳಿ ಆ ಕೂಗನ್ನು ಕೆರೆಯ ಕಡೆಗೇ ಒಯ್ದಿತು. ಜನ ಸೇರುವ ಹೊತ್ತಿಗೆ ದೂರದಲ್ಲಿ ಇಂಜಿನ್ ಸದ್ದು ಕೇಳಿಸಿತು. ಹದಿನಾಲ್ಕು ಹೆಂಗಸರೂ ಇದ್ದರು, ನೆನೆದು ತೊಪ್ಪೆಯಾಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು. ಹಕ್ಕಿದಿಬ್ಬದ ಹಿಂದೆ ಮರೆ ನಿಂತು ಗಾಳಿ ಕೊಂಚ ತಗ್ಗಿದ ಮೇಲೆ ಹೊರಟಿದ್ದರು.

ದೋಣಿಯವ ಹಗ್ಗವನ್ನೂ ಕಟ್ಟದೆ ಹಾರಿದ.

"ಬಂದ್ಯಾ?" ಎಂದಳು ತಾಯಿ. "ಅನ್ನ ಆರಿಹೋಗಿರತ್ತೆ. ಬಿಸಿ ಮಾಡ್ಕೋ."

ದೋಣಿಯ ಕೂರುವ ಹಲಗೆ ಕಿತ್ತು, ಅದರ ಮೇಲೆ ಮಲಗಿಸಿ, ಅವಳನ್ನು ಆಸ್ಪತ್ರೆಗೆ ಹೊತ್ತರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಆ ದಿನ ತಾನೇ ಇಸ್ತ್ರಿ ಮಾಡಿಟ್ಟಿದ್ದ ಹಾಸನ್ನು ಇಸ್ತ್ರಿಯಮ್ಮ ಮಂಚಕ್ಕೆ ಹಾಸಿದಳು.

*

ಬೆಳಿಗ್ಗೆ ಆಸ್ಪತ್ರೆಯ ಕಿಟಕಿಯಲ್ಲಿ ಮನೆ ಯಜಮಾನನ ಗುರುತಿನ ಕಾಗದ ಕೇಳಿದರು. "ಡಬ್ಬೀಲಿದೆ, ತಗೊಂಡು ಬಾ" ಎಂದ ದೋಣಿಯವ. ಅವನು ತಾಯಿಯ ಪಕ್ಕದಿಂದ ಕದಲುತ್ತಿರಲಿಲ್ಲ.

ಇಸ್ತ್ರಿಯಮ್ಮ ಮಗಳ ಜೊತೆ ದೋಣಿಗೆ ಇಳಿದಳು. ಇಂಜಿನ್ ಪಕ್ಕದ ಸಂದಿಯಲ್ಲಿ ಮಾವನ ಕಾಲದ ಸ್ಟೀಲಿನ ಡಬ್ಬಿ ಇತ್ತು. ಎರಡು ಕೈಯಲ್ಲಿ ಬಲ ಹಾಕಿ ಮುಚ್ಚಳ ತಿರುಗಿಸಿದಳು. ಕಾಗದ, ಬೆಂಕಿಪೊಟ್ಟಣ, ಅವುಗಳ ನಡುವೆ ಟವೆಲಿನಲ್ಲಿ ಸುತ್ತಿದ ಆ ದಪ್ಪ ಫೋನು.

ಅವಳು ಟವೆಲು ಬಿಡಿಸಿ ಫೋನನ್ನು ಕೈಗೆತ್ತಿಕೊಂಡಳು.

"ನಿನ್ನ ಫೋನಿಂದ ಇದಕ್ಕೆ ಮಾಡು" ಎಂದಳು ಮಗಳಿಗೆ.

ಫೋನು ಕೈಯಲ್ಲೇ ಗುಂಯ್ ಎಂದಿತು. ಅವಳು ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

"ಈಗ ಮಾಡು."

ಮಗಳು ಕಿವಿಗಿಟ್ಟು ಕೇಳಿದಳು. ಅವಳ ಮುಖದ ಬಣ್ಣ ಇಳಿಯಿತು. "ವ್ಯಾಪ್ತಿ ಪ್ರದೇಶದಿಂದ ಹೊರಗೆ ಅಂತಾಳೆ ಅಮ್ಮ."

ಇನ್ನೆರಡು ಸಲ ಮಾಡಿ ನೋಡಿದರು. ತೆರೆದರೆ ಬರುತ್ತಿತ್ತು, ಮುಚ್ಚಿದರೆ ಇಲ್ಲ. ದಕ್ಕೆಯ ಮೇಲೆ, ಹಸಿರಿಗೆ ನಾಲ್ಕು ಕಡ್ಡಿ ಇರುವ ಜಾಗದಲ್ಲೇ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಡಬ್ಬಿಯನ್ನು ಗಂಡನ ಮುಂದಿಟ್ಟಳು. "ಯಾವಾಗಿಂದ ಫೋನ್ ಇದರಲ್ಲಿಡ್ತಿದ್ದೀರಿ?"

"ತಳದ ನೀರಿಗೆ ಬಿತ್ತಲ್ಲ, ಅವತ್ತಿಂದ. ಮಾತಾಡೋಕೆ ತೆಗೀತೀನಿ, ಮತ್ತೆ ಇಡ್ತೀನಿ."

"ಇದು ಮುಚ್ಚಿದ್ರೆ ನಮ್ಮ ಫೋನ್ ಬರಲ್ಲ. ಕೆಂಪಾದ್ರೂ ಬರಲ್ಲ, ಹಸಿರಾದ್ರೂ ಬರಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕೇನಿದೆ? ನೆನೀಬಾರದ್ದೆಲ್ಲ ಅದರಲ್ಲೇ ತಾನೇ ಇಡೋದು?"

"ನೀರಿಗೆ ಬಿದ್ರೂ ಏನೂ ಆಗಲ್ಲ ಅಂತಲೇ ಅಷ್ಟು ದುಡ್ಡು ಕೊಟ್ಟಿದ್ದು!"

"ಅಷ್ಟು ದುಡ್ಡು ಕೊಟ್ಟಿದ್ದು ಅಂತಲೇ ಡಬ್ಬೀಲಿಟ್ಟೆ" ಎಂದ ಅವನು. ಹೇಳಿ, ತನ್ನ ಮಾತು ತನಗೇ ಕೇಳಿಸಿದವನಂತೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, "ನಿನ್ನೆ ದಿಬ್ಬದ ಹಿಂದೆ ನಿಂತಾಗ ತೆಗೆದೆ ಕಣೇ. ಹತ್ತು ಸಲ ಮಾಡ್ದೆ. ಒಂದು ಕಡ್ಡೀನೂ ಇರ್ಲಿಲ್ಲ" ಎಂದ.

ಒಂದು ಕಡ್ಡಿ ಇರುತ್ತಿತ್ತು. ಕೆಂಪು ಇದ್ದಿದ್ದರೆ. ಇಸ್ತ್ರಿಯಮ್ಮನಿಗೆ ಮಸಾಲೆ ಡಬ್ಬಗಳ ಅಡಿಯ ಕಾಗದ ಕಣ್ಣಿಗೆ ಕಟ್ಟಿತು. ಸಿಟ್ಟಿನಲ್ಲಿ ಅದನ್ನು ಕಿತ್ತದ್ದು ತಾನೇ. ಹಸಿರು ಮಾಡ್ಸು ಎಂದದ್ದೂ ತಾನೇ. ಮಗಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ಸಾಕು, ಕಾಗದ ಕೊಟ್ಟು ಬಾ" ಎಂದು ಅವಳ ಬೆನ್ನು ತಟ್ಟಿ ಕಳಿಸಿದಳು. ಗಂಡನಿಗೆ ಏನೂ ಅನ್ನಲಿಲ್ಲ. ಅನ್ನಲು ಹೊರಟರೆ ತಪ್ಪಿನ ಪಾಲನ್ನು ತಾನೂ ಹಂಚಿಕೊಳ್ಳಬೇಕಾಗುತ್ತಿತ್ತು.

*

ಆ ವಯಸ್ಸಿಗೆ ಮೂಳೆ ಕೂಡುವುದು ಕಷ್ಟ ಎಂದರು ಡಾಕ್ಟರಮ್ಮ. ಇಪ್ಪತ್ತು ದಿನದ ಮೇಲೆ ಅತ್ತೆಯನ್ನು ಮನೆಗೆ ತಂದು, ನಡುಮನೆಯ ಕಿಟಕಿಯ ಕೆಳಗೆ ಮಂಚ ಹಾಕಿದರು. ಸಿಮ್ಮು ಮತ್ತೆ ಕೆಂಪಾಯಿತು. ಫೋನಿಗೆ ಇಸ್ತ್ರಿಯಮ್ಮ ಪ್ಲಾಸ್ಟಿಕ್ಕಿನ ಚೀಲ ಹೊಲಿದು, ದಾರ ಕಟ್ಟಿ, ಗಂಡನ ಕುತ್ತಿಗೆಗೆ ಹಾಕಿದಳು. ಡಬ್ಬಿ ಮನೆಗೆ ಬಂತು. ಅದರಲ್ಲೀಗ ಅತ್ತೆಯ ಮಾತ್ರೆಗಳು.

ಈಗ ಫೋನು ಒಂದು ದಿನವೂ ತಪ್ಪುವುದಿಲ್ಲ. "ಅಮ್ಮ, ಬಿಟ್ಟೆ." "ಅಮ್ಮ, ದಿಬ್ಬ ದಾಟಿದೆ." "ಅಮ್ಮ, ಬೊಡ್ಡೆ ಹತ್ರ ಬಂದೆ." ಮುದುಕಿ ಫೋನನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲದಕ್ಕೂ "ಸರಿ" ಎನ್ನುತ್ತಾಳೆ. ಇಟ್ಟ ಮೇಲೆ ಕಿಟಕಿಯ ಕಡೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಮಲಗಿರುತ್ತಾಳೆ.

"ಇಂಜಿನ್ ಸದ್ದು ಬರ್ತಾ ಇಲ್ವಲ್ಲೇ."

"ಈಗ ತಾನೇ ಮಾತಾಡಿದ್ರಲ್ಲ ಅತ್ತೆ. ಬೊಡ್ಡೆ ಹತ್ರ ಇದ್ದಾರೆ."

"ಅದು ಫೋನಲ್ಲಿ ಹೇಳಿದ್ದು. ನೀನು ಒಂದು ಸಲ ಹೋಗಿ ನೋಡಿ ಬಾ."

ಇಸ್ತ್ರಿಯಮ್ಮ ಒಲೆ ತಗ್ಗಿಸಿ, ಮೊಳೆಯಲ್ಲಿದ್ದ ಅತ್ತೆಯ ಶಾಲು ಹೊದ್ದು, ಟಾರ್ಚು ತೆಗೆದುಕೊಂಡು ಹೋಗುತ್ತಾಳೆ. ಪಾಚಿ ಕೆರೆದು ಹಾಕಿದ್ದಾರೆ. ಆದರೂ ನೋಡಿ ನೋಡಿ ಕಾಲಿಡುತ್ತಾಳೆ. ದೋಣಿ ಕಾಣುವವರೆಗೆ ಮೂರನೆಯ ಮೆಟ್ಟಿಲ ಮೇಲೆ ಕೂರುತ್ತಾಳೆ.

ದೋಣಿಯವ ತಾಯಿಗೆ ಕೊಟ್ಟ ಮಾತು ಉಳಿಯಿತು. ಅವಳನ್ನು ಅವನು ಮತ್ತೆ ದಕ್ಕೆಯ ಮೇಲೆ ಕಾಯಿಸಲಿಲ್ಲ.